ಗ್ರಾಂಟ್ ಅರ್ಜಿ ಬರೆಯುವ ಮುಂಚೆ ಆ ಬೀದಿಗೆ ಹೋಗಿ ಬನ್ನಿ

ಪಬ್ಲಿಕ್ ಹೆಲ್ತ್ ಓದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಅಮೆರಿಕಕ್ಕೆ ಬಂದ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಅಕ್ಕಾ, ಎಚ್‌ಐವಿ ಮತ್ತು ಡ್ರಗ್ಸ್ ಮೇಲೆ ರಿಸರ್ಚ್ ಮಾಡ್ಬೇಕು ಅಂತಿದೀನಿ, ಎನ್‌ಐಎಚ್ ಗ್ರಾಂಟ್‌ಗೆ ಹೇಗೆ ಅರ್ಜಿ ಹಾಕೋದು?" ಎನ್‌ಐಎಚ್ ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ, ಗ್ರಾಂಟ್ ಅಂದರೆ ಅದು ಸಂಶೋಧನೆಗೆ ಕೊಡುವ ಹಣ. ಒಬ್ಬೊಬ್ಬರಿಗೂ ಫೋನಿನಲ್ಲಿ ಗಂಟೆಗಟ್ಟಲೆ ಹೇಳಿದ್ದನ್ನು ಈಗ ಒಂದು ಕಡೆ ಬರೆದಿಡುತ್ತಿದ್ದೇನೆ. ಅಮೆರಿಕದ ಕಪ್ಪು ಜನ, ಲ್ಯಾಟಿನೋ ಜನ, ಮೂಲನಿವಾಸಿಗಳು, ಇವರ ನಡುವೆ ಡ್ರಗ್ಸ್ ಬಳಕೆಯ ಜೊತೆ ಹೆಣೆದುಕೊಂಡಿರುವ ಎಚ್‌ಐವಿಯನ್ನು ತಗ್ಗಿಸುವ ಸಂಶೋಧನೆಗೆ ಹಣ ಕೇಳುವುದು ಹೇಗೆ ಅನ್ನುವುದು ವಿಷಯ. ಫಾರಂ ತುಂಬುವುದು ಇದರಲ್ಲಿ ಸುಲಭದ ಭಾಗ. ಕಷ್ಟ ಬೇರೆ ಕಡೆ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ಅಂತರ ಎಲ್ಲಿಂದ ಬಂತು?

ಅಮೆರಿಕದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇ. 12–13ರಷ್ಟು. ಹೊಸದಾಗಿ ಎಚ್‌ಐವಿ ಪತ್ತೆಯಾಗುವವರಲ್ಲಿ ಅವರ ಪಾಲು ಮೂರನೇ ಒಂದಕ್ಕಿಂತ ಜಾಸ್ತಿ. ಲ್ಯಾಟಿನೋ ಜನರ ಪಾಲೂ ಅವರ ಜನಸಂಖ್ಯೆಯ ಲೆಕ್ಕಕ್ಕಿಂತ ತುಂಬಾ ಹೆಚ್ಚು. ಈ ಅಂಕಿಯನ್ನು ಎಲ್ಲರೂ ಅರ್ಜಿಯ ಮೊದಲ ಸಾಲಿನಲ್ಲಿ ಬರೆಯುತ್ತಾರೆ. ಬರೆದು, ಮುಂದಿನ ಸಾಲಿನಲ್ಲೇ "ಈ ಸಮುದಾಯದಲ್ಲಿ ಅರಿವು ಕಡಿಮೆ, ಆದ್ದರಿಂದ ನಾವೊಂದು ಆ್ಯಪ್ ಮಾಡುತ್ತೇವೆ" ಅಂತ ಹೋಗಿಬಿಡುತ್ತಾರೆ. ಅರ್ಜಿ ಸೋಲುವುದು ಅಲ್ಲೇ. ಅಂತರ ಇದೆ ಅಂತ ಹೇಳಿದರೆ ಸಾಲದು, ಅದು ಯಾವ ದಾರಿಯಲ್ಲಿ ಬಂತು ಅಂತ ನೀವು ತೋರಿಸಬೇಕು.

ದಾರಿಗಳು ಗುಟ್ಟಾಗಿಲ್ಲ. 1986ರಲ್ಲಿ ಬಂದ ಕಾನೂನು ನೋಡಿ. 5 ಗ್ರಾಂ ಕ್ರ್ಯಾಕ್ ಕೊಕೇನ್‌ಗೂ 500 ಗ್ರಾಂ ಪುಡಿ ಕೊಕೇನ್‌ಗೂ ಒಂದೇ ಕನಿಷ್ಠ ಜೈಲು ಶಿಕ್ಷೆ. ಎರಡೂ ಒಂದೇ ವಸ್ತುವಿನ ಎರಡು ರೂಪ. ಆದರೆ ಕ್ರ್ಯಾಕ್ ಕೇಸಿನಲ್ಲಿ ಜೈಲಿಗೆ ಹೋದವರಲ್ಲಿ ಬಹುಪಾಲು ಕಪ್ಪು ಜನ. ಈ 100:1 ಲೆಕ್ಕ 2010ರಲ್ಲಿ 18:1ಕ್ಕೆ ಇಳಿಯಿತು, ಅಷ್ಟೇ. ಒಬ್ಬ ಮನುಷ್ಯ ಜೈಲಿಗೆ ಹೋಗಿ ಬರುವಾಗ ಅವನ ಮಾತ್ರೆ ನಿಲ್ಲುತ್ತದೆ, ವಿಮೆ ಹೋಗುತ್ತದೆ, ಮನೆ ಹೋಗುತ್ತದೆ, ಹೊರಗೆ ಬಂದ ಮೊದಲ ಕೆಲವು ವಾರಗಳಲ್ಲಿ ಓವರ್‌ಡೋಸ್ ಆಗಿ ಸಾಯುವ ಭಯ ಎಲ್ಲಕ್ಕಿಂತ ಜಾಸ್ತಿ. ಎಚ್‌ಐವಿ ಅಂತರಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾ?

ಇನ್ನೊಂದು ಹೋಲಿಕೆ. ನ್ಯೂಯಾರ್ಕ್‌ನಲ್ಲಿ 1980ರ ದಶಕದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಸೋಂಕು ತಗುಲಿತ್ತು. ಅವರಲ್ಲಿ ಬಹಳ ಮಂದಿ ಕಪ್ಪು ಮತ್ತು ಪೋರ್ಟೊ ರಿಕೋ ಮೂಲದವರು. ಹೊಸ ಸಿರಿಂಜ್ ಕೊಟ್ಟು ಹಳೆಯದನ್ನು ತೆಗೆದುಕೊಳ್ಳುವ ಕೇಂದ್ರಗಳಿಗೆ ಆ ರಾಜ್ಯ ಕಾನೂನಿನ ಒಪ್ಪಿಗೆ ಕೊಟ್ಟಿದ್ದು 1992ರಲ್ಲಿ. ಅಷ್ಟರಲ್ಲಿ ಎಷ್ಟು ಜನ ಹೋಗಿದ್ದರು! ಈಗ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ ನೋಡಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಬಹುತೇಕ ಬಿಳಿಯರೇ ಇರುವ ಹಳ್ಳಿಗಾಡು. ಅಲ್ಲಿ 2014ರ ಕೊನೆಯಲ್ಲಿ ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಹಬ್ಬಿ, ನೋಡನೋಡುತ್ತಲೇ 200 ದಾಟಿತು. 2015ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆ ಆಯಿತು, ಮೇ ಹೊತ್ತಿಗೆ ಸಿರಿಂಜ್ ಕೇಂದ್ರಗಳಿಗೆ ಅವಕಾಶ ಕೊಡುವ ಹಾಗೆ ಕಾನೂನೇ ಬದಲಾಯಿತು. ಅಲ್ಲೂ ತಡವಾಯಿತು ಅಂತ ಅನೇಕರು ಹೇಳಿದರು, ಅದು ನಿಜ. ಆದರೂ ತಿಂಗಳುಗಳಲ್ಲಿ ಆದ ಕೆಲಸ ಅದು. ನ್ಯೂಯಾರ್ಕ್‌ನ ಬಡ ಬೀದಿಗಳು ಅದಕ್ಕೇ ವರ್ಷಗಟ್ಟಲೆ ಕಾದವು. ಅಂತರ ಅಂದರೆ ಇದು. ನಿಮ್ಮ ಪ್ರಶ್ನೆ ಇಂಥ ಜಾಗದಿಂದ ಹುಟ್ಟಬೇಕು.

ಬೀದಿಗೆ ಹೋಗುವುದು ಅಂದರೆ ಏನು

ಅರ್ಜಿಯ ಕೊನೆಯ ದಿನಕ್ಕೆ ಒಂದು ವರ್ಷ ಇರುವಾಗ ಶುರು ಮಾಡಿ. ನಿಮ್ಮ ಊರಿನಲ್ಲಿ ಸಿರಿಂಜ್ ಕೇಂದ್ರ ಇದ್ದರೆ, ಹೆರಾಯಿನ್‌ನಂಥ ಡ್ರಗ್ಸ್ ಚಟಕ್ಕೆ ಮೆಥಡೋನ್ ಅನ್ನುವ ಔಷಧಿ ಕೊಡುವ ಕ್ಲಿನಿಕ್ ಇದ್ದರೆ, ಜೈಲಿನಿಂದ ಬಂದವರಿಗೆ ಸಹಾಯ ಮಾಡುವ ಚರ್ಚ್ ಇದ್ದರೆ, ಅಲ್ಲಿಗೆ ಹೋಗಿ ವಾರಕ್ಕೊಂದು ದಿನ ಕೆಲಸ ಮಾಡಿ. ಪೆನ್ನು ಪುಸ್ತಕ ಬ್ಯಾಗಿನಲ್ಲೇ ಇರಲಿ. ಪೊಟ್ಟಣ ಕಟ್ಟಿಕೊಡಿ, ಕಾಫಿ ಹಾಕಿಕೊಡಿ, ಕಸ ತೆಗೆಯಿರಿ. ಮೊದಲ ಎರಡು ತಿಂಗಳು ಯಾರನ್ನೂ ಏನೂ ಕೇಳಬೇಡಿ.

ನಾನು ನನ್ನ ಮೊದಲ ಅರ್ಜಿಯನ್ನು ಪೂರ್ತಿ ಬರೆದ ಮೇಲೆ, ಒಂದು ಬೆಂಬಲ ಪತ್ರ ಬೇಕು ಅಂತ ಇಂಥ ಒಂದು ಕೇಂದ್ರಕ್ಕೆ ಹೋದೆ. ಅಲ್ಲಿ ಇಪ್ಪತ್ತು ವರ್ಷ ಡ್ರಗ್ಸ್ ಬಳಸಿ ಬಿಟ್ಟು, ಈಗ ಅದೇ ಬೀದಿಯವರಿಗೆ ದಾರಿ ತೋರಿಸುವ ಹಿರಿಯ ಹೆಂಗಸೊಬ್ಬರು ಇದ್ದರು. ನನ್ನ ಒಂದು ಪುಟ ಓದಿ ಅವರು ಕೇಳಿದ್ದು ಇಷ್ಟು: ನಮ್ಮನ್ನ ಕೇಳಿ ಬರೆದಿದೀಯಾ, ಬರೆದು ಕೇಳ್ತಿದೀಯಾ? ನನಗೆ ಉತ್ತರ ಇರಲಿಲ್ಲ. ಆಮೇಲೆ ಅವರೇ ತಾಳ್ಮೆಯಿಂದ ಒಂದೊಂದಾಗಿ ತೋರಿಸಿದರು. ನಾನು ಭೇಟಿಗಳನ್ನು ಬೆಳಿಗ್ಗೆ 9ರಿಂದ ಸಂಜೆ 5ರ ತನಕ ಯೂನಿವರ್ಸಿಟಿ ಕಟ್ಟಡದಲ್ಲಿ ಇಟ್ಟಿದ್ದೆ, ಅಲ್ಲಿ ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಎಷ್ಟೋ ಜನರ ಹತ್ತಿರ ಅದು ಇಲ್ಲ, ಇದ್ದವರೂ ಯೂನಿಫಾರಂ ಹಾಕಿದವರ ಮುಂದೆ ಅದನ್ನು ತೆಗೆಯುವುದಿಲ್ಲ. ಅದೇ ಜನ ಮೆಥಡೋನ್ ಕ್ಲಿನಿಕ್ ಮುಂದೆ ಬೆಳಗಿನ ಜಾವದಲ್ಲೇ ಸಾಲು ನಿಂತಿರುತ್ತಾರೆ. ಭೇಟಿಯನ್ನು ಆ ಸಾಲಿನ ಪಕ್ಕಕ್ಕೆ, ಆ ಹೊತ್ತಿಗೆ ಇಟ್ಟರೆ ಮುಗಿಯಿತು. ಇಂಥದ್ದು ಯಾವ ಪೇಪರಿನಲ್ಲೂ ಸಿಗುವುದಿಲ್ಲ. ಆ ಅರ್ಜಿ ಚರ್ಚೆಗೂ ಬಾರದೆ ವಾಪಸಾಯಿತು. ನ್ಯಾಯವಾದ ತೀರ್ಪು ಅದು.

ಸಮುದಾಯಕ್ಕೆ ನಿಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರ ತನಕ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ ಸರ್ಕಾರವೇ ನೋಡುತ್ತಾ ಕೂತಿತ್ತು. ಪೆನ್ಸಿಲಿನ್ ಬಂದ ಮೇಲೂ ಕೊಡಲಿಲ್ಲ. ಗ್ರ್ಯಾಂಡ್ ಕ್ಯಾನಿಯನ್‌ನ ಹವಸುಪಾಯಿ ಅನ್ನುವ ಮೂಲನಿವಾಸಿ ಜನ ಸಕ್ಕರೆ ಕಾಯಿಲೆಯ ಅಧ್ಯಯನ ಅಂದುಕೊಂಡು ಕೊಟ್ಟ ರಕ್ತವನ್ನು ಸಂಶೋಧಕರು ಬೇರೆ ಬೇರೆ ಅಧ್ಯಯನಗಳಿಗೂ ಬಳಸಿದರು. ಆ ವ್ಯಾಜ್ಯ 2010ರಲ್ಲಿ ಪರಿಹಾರ ಕೊಟ್ಟು, ರಕ್ತದ ಮಾದರಿಗಳನ್ನು ವಾಪಸ್ ಕೊಟ್ಟ ಮೇಲೆ ಮುಗಿಯಿತು. ಮೂಲನಿವಾಸಿಗಳ ಜೊತೆ ಕೆಲಸ ಮಾಡುವುದಾದರೆ ನಿಮ್ಮ ಯೂನಿವರ್ಸಿಟಿಯ ಎಥಿಕ್ಸ್ ಕಮಿಟಿ ಒಪ್ಪಿದರೆ ಸಾಲದು. ಉದಾಹರಣೆಗೆ, ನವಾಹೋ ನೇಷನ್ ಅನ್ನುವ ಮೂಲನಿವಾಸಿ ಸಮುದಾಯಕ್ಕೆ ತನ್ನದೇ ಪರಿಶೀಲನಾ ಮಂಡಳಿ ಇದೆ, ಪೇಪರ್ ಪ್ರಕಟಿಸುವ ಮುಂಚೆಯೂ ಅವರ ಒಪ್ಪಿಗೆ ಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಸಮಯವನ್ನು ಯೋಜನೆಯ ವೇಳಾಪಟ್ಟಿಯಲ್ಲೇ ಬರೆಯಿರಿ.

ಹಣ ಯಾರ ಹತ್ತಿರ ಇದೆ, ಯಾವುದನ್ನು ಕೇಳಬೇಕು

ಡ್ರಗ್ಸ್ ಮತ್ತು ಎಚ್‌ಐವಿ ಸೇರಿದ ಸಂಶೋಧನೆಗೆ ಮುಖ್ಯ ಮನೆ ನೈಡಾ. ಎನ್‌ಐಎಚ್ ಒಳಗಿನ, ಡ್ರಗ್ಸ್ ಬಗ್ಗೆ ಕೆಲಸ ಮಾಡುವ ಸಂಸ್ಥೆ, 1974ರಲ್ಲಿ ಶುರುವಾಯಿತು. ಅಲ್ಪಸಂಖ್ಯಾತರ ಆರೋಗ್ಯದ ಅಂತರಕ್ಕೆ ಎನ್‌ಐಎಂಎಚ್‌ಡಿ ಇದೆ, 2010ರಲ್ಲಿ ಪೂರ್ಣ ಸಂಸ್ಥೆಯಾಯಿತು. ಹೊಸಬರು ಮಾಡುವ ಗೊಂದಲ ಒಂದಿದೆ. ಎಚ್‌ಐವಿ ಚಿಕಿತ್ಸೆಗೆ ನೆರವು ಕೊಡುವ ರಯಾನ್ ವೈಟ್ ಕಾರ್ಯಕ್ರಮ, ವ್ಯಸನ ಮತ್ತು ಮಾನಸಿಕ ಆರೋಗ್ಯ ಸೇವೆಯ ಸರ್ಕಾರಿ ಸಂಸ್ಥೆ ಸ್ಯಾಮ್ಸಾ, ಅಲ್ಪಸಂಖ್ಯಾತರ ಎಚ್‌ಐವಿ ನಿಧಿ, ಇವು ಮುಖ್ಯವಾಗಿ ಸೇವೆ ಕೊಡಲು ಇರುವ ಹಣ. ಸಂಶೋಧನೆಯ ಹಣ ಬೇರೆ. ಆದರೆ ಎರಡನ್ನೂ ಜೋಡಿಸಬಹುದು: ಸೇವೆ ಅವರ ಹಣದಲ್ಲಿ ನಡೆಯಲಿ, ಅದು ಕೆಲಸ ಮಾಡುತ್ತಿದೆಯಾ ಅಂತ ಅಳೆಯುವುದು ನಿಮ್ಮ ಗ್ರಾಂಟಿನಲ್ಲಿ ನಡೆಯಲಿ. ಎಚ್‌ಐವಿ ಕೊನೆಗಾಣಿಸುವ ಯೋಜನೆ ಅಂತ ಅಮೆರಿಕ ಸರ್ಕಾರದ್ದೊಂದು 2019ರಲ್ಲಿ ಶುರುವಾಯಿತು, ಅದರಲ್ಲಿ 57 ಆದ್ಯತೆಯ ಜಾಗಗಳಿವೆ. 48 ಕೌಂಟಿ, ವಾಷಿಂಗ್ಟನ್ ಡಿಸಿ, ಪೋರ್ಟೊ ರಿಕೋದ ಸ್ಯಾನ್ ವಾನ್ ಮತ್ತು ಹಳ್ಳಿಗಾಡು ಹೆಚ್ಚಿರುವ 7 ರಾಜ್ಯಗಳು. ನಿಮ್ಮ ಜಾಗ ಅದರಲ್ಲಿ ಇದ್ದರೆ ಅರ್ಜಿಯಲ್ಲಿ ಸ್ಪಷ್ಟವಾಗಿ ಹೇಳಿ.

ಗ್ರಾಂಟಿನ ಬಗೆಗಳು. ಆರ್01 ಅಂದರೆ ದೊಡ್ಡದು, ಸಾಮಾನ್ಯವಾಗಿ 5 ವರ್ಷದವರೆಗೆ. ವರ್ಷಕ್ಕೆ 2,50,000 ಡಾಲರ್ ನೇರ ಖರ್ಚಿನ (ಅಂದರೆ ಯೂನಿವರ್ಸಿಟಿಯ ಓವರ್‌ಹೆಡ್ ಬಿಟ್ಟು ಅಧ್ಯಯನಕ್ಕೇ ಆಗುವ ಖರ್ಚಿನ) ಒಳಗಿದ್ದರೆ ಸರಳ ಬಜೆಟ್ ಸಾಕು. ಆರ್21 ಎರಡು ವರ್ಷಕ್ಕೆ, ಒಟ್ಟು 2,75,000 ಡಾಲರ್ ನೇರ ಖರ್ಚು, ಹೊಸ ಯೋಚನೆಯನ್ನು ಪರೀಕ್ಷೆ ಮಾಡಲು. ಆರ್34 ದೊಡ್ಡ ಟ್ರಯಲ್‌ಗೆ, ಅಂದರೆ ಒಂದು ಚಿಕಿತ್ಸೆ ಅಥವಾ ಕಾರ್ಯಕ್ರಮವನ್ನು ಜನರಲ್ಲಿ ಪರೀಕ್ಷಿಸುವ ಪ್ರಯೋಗಕ್ಕೆ ಮುಂಚಿನ ತಯಾರಿಗೆ. ನನ್ನ ಕೇಳಿದರೆ ಈ ವಿಷಯದಲ್ಲಿ ಹೊಸಬರಿಗೆ ಆರ್34 ಒಳ್ಳೆಯದು, ಯಾಕೆಂದರೆ ಸಮುದಾಯದ ಜೊತೆ ಕೂತು ಕಾರ್ಯಕ್ರಮ ರೂಪಿಸುವುದಕ್ಕೇ ಅದರಲ್ಲಿ ಹಣ ಮತ್ತು ಸಮಯ ಸಿಗುತ್ತದೆ. ಅರ್ಜಿ ಕರೆಯುವ ಪ್ರತಿ ನೋಟಿಸ್‌ನಲ್ಲೂ ಯಾವ ಸಂಸ್ಥೆಗಳು ಸೇರಿವೆ ಅಂತ ಮೊದಲು ನೋಡಿ, ನೈಡಾ ಹೆಸರು ಇಲ್ಲದ ನೋಟಿಸ್‌ಗೆ ಬರೆದು ಕೂರಬೇಡಿ.

ವೀಸಾದ ಮೇಲೆ ಇರುವ ನಮ್ಮವರಿಗೆ ಇದು ಮುಖ್ಯ. ಆರ್01, ಆರ್21, ಆರ್34ಕ್ಕೆ ನೀವು ಅಮೆರಿಕದ ಪ್ರಜೆ ಆಗಿರಬೇಕಿಲ್ಲ. ಸಂಸ್ಥೆ ಅರ್ಹವಾಗಿದ್ದು ನಿಮ್ಮನ್ನು ಒಪ್ಪಿದರೆ ಸಾಕು. ಪಿಎಚ್‌ಡಿ ವಿದ್ಯಾರ್ಥಿಗಳ ಎಫ್31 ಮತ್ತು ಸಂಶೋಧಕರಾಗಿ ಬೆಳೆಯಲು ಕೊಡುವ ಬಹುತೇಕ ಕೆ ಬಗೆಯ ಗ್ರಾಂಟುಗಳಿಗೆ ಪ್ರಜೆ ಅಥವಾ ಗ್ರೀನ್ ಕಾರ್ಡ್ ಬೇಕು. ಕೆ99 ಮಾತ್ರ ಎಲ್ಲರಿಗೂ ತೆರೆದಿದೆ, ಆದರೆ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ಸಂಶೋಧನಾ ತರಬೇತಿ) ಅನುಭವ 4 ವರ್ಷ ದಾಟಿರಬಾರದು. ಈ ಲೆಕ್ಕ ತಪ್ಪಿ ಅವಕಾಶ ಕಳೆದುಕೊಂಡವರನ್ನು ನೋಡಿದ್ದೇನೆ, ಪೋಸ್ಟ್‌ಡಾಕ್ ಸೇರಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೊನೆಯ ಪದವಿ ಮುಗಿದು 10 ವರ್ಷದೊಳಗಿದ್ದು ಇನ್ನೂ ದೊಡ್ಡ ಗ್ರಾಂಟ್ ಪಡೆಯದವರನ್ನು ಎನ್‌ಐಎಚ್ ಆರಂಭಿಕ ಹಂತದ ಸಂಶೋಧಕರು ಅಂತ ಬೇರೆಯಾಗಿ ಪರಿಗಣಿಸುತ್ತದೆ, ಅದರಿಂದ ಆರ್01ಕ್ಕೆ ಸ್ವಲ್ಪ ಅನುಕೂಲ ಆಗುತ್ತದೆ.

ಇವಕ್ಕೆಲ್ಲ ಮುಂಚೆ ಸಣ್ಣ ಹಣ ಬೇಕಲ್ವಾ? ದೊಡ್ಡ ಯೂನಿವರ್ಸಿಟಿಗಳಲ್ಲಿ ಸೀಫಾರ್ ಅಂತ ಕರೆಯುವ ಏಡ್ಸ್ ಸಂಶೋಧನಾ ಕೇಂದ್ರಗಳಿವೆ, ಅವು ಒಂದು ವರ್ಷದ ಪೈಲಟ್ ಹಣ ಕೊಡುತ್ತವೆ. ಅದರಲ್ಲಿ 20–30 ಜನರನ್ನು ಮಾತಾಡಿಸಿ ತಂದ ಮಾಹಿತಿ ದೊಡ್ಡ ಅರ್ಜಿಗೆ ಬೆನ್ನೆಲುಬು.

ಪ್ರೋಗ್ರಾಂ ಆಫೀಸರಿಗೆ ಬರೆಯಿರಿ

ಪ್ರೋಗ್ರಾಂ ಆಫೀಸರ್ ಅಂದರೆ ಎನ್‌ಐಎಚ್‌ನಲ್ಲಿ ಒಂದು ವಿಷಯದ ಗ್ರಾಂಟುಗಳನ್ನು ನೋಡಿಕೊಳ್ಳುವವರು. ನಮ್ಮ ಕಡೆಯವರು ಅವರಿಗೆ ಬರೆಯುವುದೇ ಇಲ್ಲ. ದೊಡ್ಡ ಆಫೀಸರಿಗೆ ಹೇಗೆ ಬರೆಯೋದು ಅನ್ನುವ ಸಂಕೋಚ. ಅವರ ಕೆಲಸವೇ ನಿಮ್ಮ ಜೊತೆ ಮಾತಾಡುವುದು. ಎನ್‌ಐಎಚ್ ರಿಪೋರ್ಟರ್ ಅನ್ನುವ ತಾಣದಲ್ಲಿ ನಿಮ್ಮ ಸಾರಾಂಶ ಹಾಕಿದರೆ ಅದೇ ಬಗೆಯ ಪ್ರಾಜೆಕ್ಟುಗಳು, ಅವನ್ನು ನೋಡಿಕೊಳ್ಳುವ ಆಫೀಸರುಗಳ ಹೆಸರು ಬರುತ್ತದೆ. ಒಂದು ಪುಟದ ಉದ್ದೇಶಗಳನ್ನು ಲಗತ್ತಿಸಿ, ನಾಲ್ಕು ಸಾಲಿನ ಮೇಲ್ ಹಾಕಿ, ಅರ್ಧ ಗಂಟೆ ಸಮಯ ಕೇಳಿ. ನನ್ನ ಯೋಚನೆ ನಿಮ್ಮ ಆದ್ಯತೆಗೆ ಹೊಂದುತ್ತದಾ, ಯಾವ ಬಗೆಯ ಗ್ರಾಂಟ್ ಸರಿ, ಯಾವ ರಿವ್ಯೂ ತಂಡಕ್ಕೆ ಹೋಗಬಹುದು, ಇಷ್ಟು ಕೇಳಿ. ಅವರು ಇದು ನಮಗೆ ಆಗುವುದಿಲ್ಲ ಅಂದರೆ ನಿಮಗೆ ಆರು ತಿಂಗಳು ಉಳಿಯಿತು.

ಆ ಒಂದು ಪುಟ

ಸ್ಪೆಸಿಫಿಕ್ ಏಮ್ಸ್ ಅನ್ನುವ ಒಂದೇ ಪುಟದ ಮೇಲೆ ಅರ್ಜಿ ನಿಂತಿದೆ. ಆರ್01ರ ಮುಖ್ಯ ಭಾಗ 12 ಪುಟ, ಆರ್21ರದ್ದು 6. ಆದರೆ ರಿವ್ಯೂ ಸಭೆಯಲ್ಲಿ ಕೂತವರಲ್ಲಿ ಬಹಳ ಜನ ಗಮನವಿಟ್ಟು ಓದುವುದು ಈ ಒಂದು ಪುಟ ಮಾತ್ರ.

ಮೊದಲ ಪ್ಯಾರಾದಲ್ಲಿ ನಿಮ್ಮ ಊರಿನ ಅಂಕಿ ಇರಲಿ. ಇಡೀ ದೇಶದ್ದು ಎಲ್ಲರಿಗೂ ಗೊತ್ತು. ಎರಡನೆಯದರಲ್ಲಿ ಏನು ಗೊತ್ತಿದೆ, ಎಲ್ಲಿ ನಿಂತಿದೆ ಅಂತ ಹೇಳಿ. ಇದಕ್ಕೆ ಒಳ್ಳೆಯ ಉದಾಹರಣೆ ಪ್ರಾಜೆಕ್ಟ್ ಹೋಪ್. ಅಮೆರಿಕದ 11 ಆಸ್ಪತ್ರೆಗಳಲ್ಲಿ ದಾಖಲಾಗಿದ್ದ, ಎಚ್‌ಐವಿ ಇದ್ದು ಡ್ರಗ್ಸ್ ಬಳಸುತ್ತಿದ್ದ 801 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎಂದಿನ ಚಿಕಿತ್ಸೆ, ಇನ್ನೆರಡಕ್ಕೆ ಆರು ತಿಂಗಳು ಜೊತೆಗಿದ್ದು ದಾರಿ ತೋರಿಸುವವರನ್ನು ಕೊಟ್ಟರು. ಆ ಎರಡರಲ್ಲಿ ಒಂದು ಗುಂಪಿಗೆ ಅದರ ಜೊತೆ ಪ್ರೋತ್ಸಾಹಧನವನ್ನೂ ಕೊಟ್ಟರು. 2016ರಲ್ಲಿ ಫಲಿತಾಂಶ ಬಂತು: 12 ತಿಂಗಳ ಹೊತ್ತಿಗೆ ರಕ್ತದಲ್ಲಿ ವೈರಸ್ ಹತೋಟಿಗೆ ಬಂದವರ ಪ್ರಮಾಣದಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವಿಯೆಟ್ನಾಂ, ಉಕ್ರೇನ್, ಇಂಡೋನೇಷ್ಯಾಗಳಲ್ಲಿ ನಡೆದ ಎಚ್‌ಪಿಟಿಎನ್ 074 ಅಧ್ಯಯನದಲ್ಲಿ ಇಂಥದ್ದೇ ದಾರಿ ತೋರಿಸುವವರು, ಆಪ್ತ ಸಲಹೆ ಮತ್ತು ತಕ್ಷಣದ ಚಿಕಿತ್ಸೆ ಸೇರಿದಾಗ ಸಾವುಗಳು ಅರ್ಧದಷ್ಟಾದವು. ಒಂದು ಕಡೆ ಆಗಲಿಲ್ಲ, ಇನ್ನೊಂದು ಕಡೆ ಆಯಿತು, ಯಾಕೆ? ಮನೆಯೇ ಇಲ್ಲದವನಿಗೆ ದಾರಿ ತೋರಿಸಿ ಏನು ಪ್ರಯೋಜನ ಅನ್ನುವುದಾ? ಕ್ರ್ಯಾಕ್‌ಗೆ ಮೆಥಡೋನ್‌ನಂಥ ಔಷಧಿಯೇ ಇಲ್ಲ ಅನ್ನುವುದಾ? ಬಿಟ್ಟು ಹೋದ ಇಂಥ ಎಳೆ ಹಿಡಿದು ಹೊರಟ ಅರ್ಜಿ ಓದುವವರನ್ನು ಹಿಡಿದು ನಿಲ್ಲಿಸುತ್ತದೆ.

ಆಮೇಲೆ ಎರಡು ಅಥವಾ ಮೂರು ಉದ್ದೇಶ. ಒಂದು ಸೋತರೆ ಉಳಿದವು ಬೀಳದ ಹಾಗೆ ಕಟ್ಟಿ. ಉದಾಹರಣೆಗೆ ಬ್ಯುಪ್ರೆನಾರ್ಫಿನ್. ಹೆರಾಯಿನ್‌ನಂಥ ಒಪಿಯಾಯ್ಡ್ ಡ್ರಗ್ಸ್ ಚಟಕ್ಕೆ ಕೊಡುವ ಔಷಧಿ ಇದು, ಬಿಳಿಯ ರೋಗಿಗಳಿಗೆ ಹೋಲಿಸಿದರೆ ಕಪ್ಪು ರೋಗಿಗಳಿಗೆ ಕಡಿಮೆ ಸಿಗುತ್ತಾ ಬಂದಿದೆ, ಅವರು ಹೆಚ್ಚಾಗಿ ದಿನಾ ಹೋಗಿ ಸಾಲು ನಿಲ್ಲುವ ಮೆಥಡೋನ್ ಕ್ಲಿನಿಕ್‌ಗೇ ಹೋಗಬೇಕಾಗುತ್ತದೆ. ಇದನ್ನು ಬರೆಯಲು ಡಾಕ್ಟರಿಗೆ ಬೇಕಿದ್ದ ವಿಶೇಷ ಪರವಾನಗಿಯನ್ನು 2023ರ ಹೊತ್ತಿಗೆ ತೆಗೆದುಹಾಕಿದರು. ಪರವಾನಗಿ ಹೋದ ಮೇಲೆ ನಿಮ್ಮ ಕೌಂಟಿಯ ಕಪ್ಪು ಬಡಾವಣೆಯ ಎಚ್‌ಐವಿ ಕ್ಲಿನಿಕ್‌ನಲ್ಲಿ ಏನಾದರೂ ಬದಲಾಯಿತಾ? ಮೊದಲ ಉದ್ದೇಶ ಇದನ್ನು ಅಳೆಯುವುದು. ಎರಡನೆಯದು, ಬದಲಾಗದಿದ್ದರೆ ತಡೆ ಎಲ್ಲಿದೆ ಅಂತ ರೋಗಿಗಳು, ನರ್ಸ್‌ಗಳು, ಔಷಧಿ ಅಂಗಡಿಯವರ ಬಾಯಲ್ಲಿ ಕೇಳುವುದು. ಮೂರನೆಯದು, ಎಚ್‌ಐವಿ ಮಾತ್ರೆ ಮತ್ತು ಬ್ಯುಪ್ರೆನಾರ್ಫಿನ್ ಎರಡನ್ನೂ ಒಂದೇ ಕಡೆ ಕೊಡುವ ಸಣ್ಣ ಪ್ರಯೋಗ. ಇಷ್ಟು ಸಾಕು. ಹೊಸಬರ ಅರ್ಜಿಗಳಲ್ಲಿ ಐದು ವರ್ಷದ ಕೆಲಸವನ್ನು ಎರಡು ವರ್ಷಕ್ಕೆ ತುರುಕಿರುತ್ತಾರೆ.

2025ರ ಜನವರಿ 25ರಿಂದ ರಿವ್ಯೂ ಮಾಡುವ ರೀತಿ ಬದಲಾಗಿದೆ. ಈಗ ಮೂರು ಅಂಶ: ಇದು ಮುಖ್ಯವಾದ ಪ್ರಶ್ನೆಯಾ, ವಿಧಾನ ಗಟ್ಟಿಯಾಗಿದ್ದು ಮಾಡಲು ಸಾಧ್ಯವಾ, ಈ ತಂಡಕ್ಕೆ ಮತ್ತು ಜಾಗಕ್ಕೆ ಅದರ ಶಕ್ತಿ ಇದೆಯಾ. ಮೊದಲೆರಡಕ್ಕೆ 1ರಿಂದ 9ರ ತನಕ ಅಂಕ, 1 ಅಂದರೆ ಅತ್ಯುತ್ತಮ. ಮೂರನೆಯದಕ್ಕೆ ಅಂಕ ಇಲ್ಲ, ಸಾಕು ಅಥವಾ ಸಾಲದು ಅಷ್ಟೇ. ದೊಡ್ಡ ಹೆಸರಿನ ಯೂನಿವರ್ಸಿಟಿಯಲ್ಲಿ ಇಲ್ಲದವರಿಗೆ ಇದು ಒಳ್ಳೆಯ ಸುದ್ದಿ.

ಪದಗಳ ಬಗ್ಗೆ ಎರಡು ಮಾತು. ಚಟಗಾರ, ಡ್ರಗ್ ಅಬ್ಯೂಸರ್, ಕ್ಲೀನ್, ಡರ್ಟಿ, ಇವು ಬೇಡ. ಡ್ರಗ್ಸ್ ಬಳಸುವ ವ್ಯಕ್ತಿ ಅಂತ ಬರೆಯಿರಿ. ನೈಡಾದ ಹೆಸರಿನಲ್ಲೇ ಅಬ್ಯೂಸ್ ಇದೆ ನಿಜ, ಆದರೆ ಆ ಪದ ಬಳಸಬೇಡಿ ಅಂತ ಹೇಳುವ ಕೈಪಿಡಿಯನ್ನು ಪ್ರಕಟಿಸಿದ್ದೂ ನೈಡಾ. ನಮ್ಮ ಮನೆಗಳಲ್ಲಿ ಕುಡುಕ ಅಂತ ಒಬ್ಬ ಚಿಕ್ಕಪ್ಪನನ್ನು ಕರೆದ ಮೇಲೆ ಆತನ ಉಳಿದ ಹೆಸರೆಲ್ಲ ಅಳಿಸಿಹೋಗುವುದನ್ನು ನಾವು ಕಂಡಿದ್ದೇವೆ. ಅದೇ ಇಲ್ಲೂ ಆಗುತ್ತದೆ.

ಬಜೆಟ್‌ನಲ್ಲಿ ನಿಮ್ಮ ಮಾತು ನಿಜವಾ ಅಂತ ಗೊತ್ತಾಗುತ್ತದೆ

ಹನ್ನೆರಡು ಪುಟ ಸಮುದಾಯ ಸಮುದಾಯ ಅಂತ ಬರೆದು, ಬಜೆಟ್‌ನಲ್ಲಿ ಅವರಿಗೆ ವರ್ಷಕ್ಕೆ ಎರಡು ಸಾವಿರ ಡಾಲರ್ ಇಟ್ಟಿರುವ ಅರ್ಜಿಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬೀದಿಯಲ್ಲಿ ಕೆಲಸ ಮಾಡುವವರು ಇಲ್ಲದೆ ನಿಮ್ಮ ಅಧ್ಯಯನಕ್ಕೆ ಒಬ್ಬರೂ ಸೇರುವುದಿಲ್ಲ. ಅವರಿಗೆ ಸಂಬಳ ಇಡಿ, ಗಂಟೆ ಲೆಕ್ಕದ ಗೌರವಧನ ಸಾಲದು. ಅವರ ಸಂಘಟನೆಗೆ ನಿಮ್ಮ ಗ್ರಾಂಟಿನ ಒಂದು ಪಾಲನ್ನು ಉಪಗ್ರಾಂಟ್ ಆಗಿ ಕೊಡಿ. ಅವರ ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರ ಖರ್ಚಿಗೆ ಓವರ್‌ಹೆಡ್ ಅಂತ ಕೇಳಬಹುದು. ಸರ್ಕಾರದ ಜೊತೆ ಬೇರೆ ದರ ಮಾತಾಡಿಕೊಳ್ಳದ ಸಣ್ಣ ಸಂಸ್ಥೆಗಳಿಗೆ ಈ ದರ 2024ರ ಅಕ್ಟೋಬರ್‌ನಲ್ಲಿ ಶೇ. 10ರಿಂದ 15ಕ್ಕೆ ಏರಿತು. ಎಷ್ಟೋ ಸಂಘಟನೆಗಳಿಗೆ ಇದು ಗೊತ್ತಿರುವುದಿಲ್ಲ, ನೀವೇ ಹೇಳಿ.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಯೂನಿವರ್ಸಿಟಿಗಳು ಉಪಗ್ರಾಂಟ್ ಹಣವನ್ನು ಸಾಮಾನ್ಯವಾಗಿ ಖರ್ಚಾದ ಮೇಲೆ ಬಿಲ್ ನೋಡಿ ಕೊಡುತ್ತವೆ. ಮೂರು ಜನ ಸಿಬ್ಬಂದಿ ಇರುವ ಸಂಘಟನೆಗೆ ಮೂರು ತಿಂಗಳ ಸಂಬಳ ಕೈಯಿಂದ ಹಾಕಿ ಕಾಯಲು ಆಗುತ್ತದಾ? ನನಗೆ ಗೊತ್ತಿರುವ ಒಂದು ಕಡೆ ಬಿಲ್ ಬಾಕಿ ಉಳಿದು ಇಬ್ಬರನ್ನು ಕೆಲಸದಿಂದ ತೆಗೆಯಬೇಕಾಯಿತು. ಅರ್ಜಿ ಕಳಿಸುವ ಮುಂಚೆಯೇ ನಿಮ್ಮ ಗ್ರಾಂಟ್ ಆಫೀಸಿನವರ ಜೊತೆ ಕೂತು, ಹಂತ ಹಂತವಾಗಿ ನಿಗದಿತ ಮೊತ್ತ ಕೊಡುವ ಒಪ್ಪಂದ ಮಾಡಲು ಸಾಧ್ಯವಾ ಕೇಳಿ.

ಸಿರಿಂಜ್ ವಿಷಯದಲ್ಲಿ ಎಚ್ಚರ. ಫೆಡರಲ್ ಹಣದಲ್ಲಿ ಇಂಥ ಕೇಂದ್ರಗಳಿಗೆ ಏನೂ ಕೊಡಬಾರದು ಅನ್ನುವ ನಿಷೇಧ 1988ರಿಂದ ಇತ್ತು. 2009ರಲ್ಲಿ ಹೋಯಿತು, 2011ರ ಕೊನೆಯಲ್ಲಿ ಮತ್ತೆ ಬಂತು. 2015ರ ಕೊನೆಯಲ್ಲಿ ಸಡಿಲವಾಯಿತು, ಆದರೆ ಸೂಜಿ ಸಿರಿಂಜ್ ಕೊಳ್ಳಲು ಆ ಹಣ ಬಳಸುವ ಹಾಗಿಲ್ಲ ಅನ್ನುವ ಷರತ್ತು ಉಳಿಯಿತು. ಆದ್ದರಿಂದ ಬಜೆಟ್‌ನಲ್ಲಿ ಅದನ್ನು ಬರೆಯಬೇಡಿ, ಸಂಘಟನೆ ಬೇರೆ ಹಣದಿಂದ ಕೊಳ್ಳುತ್ತದೆ ಅಂತ ಪತ್ರದಲ್ಲಿ ತೋರಿಸಿ.

ಭಾಗವಹಿಸುವವರಿಗೆ ಕೊಡುವ ಹಣವನ್ನು ಕಡಿಮೆ ಮಾಡಬೇಡಿ. ಡ್ರಗ್ಸ್‌ಗೆ ಖರ್ಚು ಮಾಡ್ತಾರೆ ಅಂತ ಯಾರಾದರೂ ಅಂದರೆ, ಬೇರೆ ರೋಗಿಗಳಿಗೆ ಕೊಟ್ಟ ಹಣದ ಲೆಕ್ಕ ಕೇಳುತ್ತೀರಾ ಅಂತ ಕೇಳಿ. ಎಷ್ಟು ಜನರ ಹತ್ತಿರ ಬ್ಯಾಂಕ್ ಖಾತೆ, ಸೋಷಿಯಲ್ ಸೆಕ್ಯೂರಿಟಿ ನಂಬರ್ ಇರುವುದಿಲ್ಲ ಅನ್ನುವುದನ್ನೂ ಮುಂಚೆಯೇ ಯೋಚಿಸಿ ಕೊಡುವ ದಾರಿ ಹುಡುಕಿ.

ಗುಟ್ಟು ಕಾಪಾಡುವುದು, ಜೈಲು

ನಿಮ್ಮ ಕಡತದಲ್ಲಿ ಒಬ್ಬ ಮನುಷ್ಯನ ಎಚ್‌ಐವಿ, ಡ್ರಗ್ಸ್ ಬಳಕೆ, ಕೆಲವೊಮ್ಮೆ ವಲಸೆಯ ಸ್ಥಿತಿ, ಮೂರೂ ಇರುತ್ತವೆ. ಹೊರಗೆ ಬಿದ್ದರೆ ಅವನ ಬದುಕು ಮುಗಿಯಿತು. 2017ರ ಅಕ್ಟೋಬರ್‌ನಿಂದ ಎನ್‌ಐಎಚ್ ಹಣದ ಇಂಥ ಅಧ್ಯಯನಗಳಿಗೆ ಗೋಪ್ಯತೆಯ ಪ್ರಮಾಣಪತ್ರ ತಾನಾಗಿಯೇ ಸಿಗುತ್ತದೆ, ಅಂದರೆ ಕೋರ್ಟ್ ಕೇಳಿದರೂ ಗುರುತು ಹೇಳಲು ನೀವು ನಿರಾಕರಿಸಬಹುದು, ನಿರಾಕರಿಸಲೇಬೇಕು. ಚಿಕಿತ್ಸಾ ಕೇಂದ್ರದ ದಾಖಲೆ ಬೇಕಾದರೆ 42 ಸಿಎಫ್‌ಆರ್ ಪಾರ್ಟ್ 2 ಅನ್ನುವ ಬೇರೆ ನಿಯಮ ಇದೆ, ಅದನ್ನು ಓದಿ. 2023ರಿಂದ ಡೇಟಾ ಹಂಚಿಕೊಳ್ಳುವ ಯೋಜನೆಯನ್ನೂ ಬರೆಯಬೇಕು. ಸಣ್ಣ ಊರಿನ ಇಪ್ಪತ್ತು ಜನರ ಮಾಹಿತಿಯಲ್ಲಿ ಹೆಸರು ತೆಗೆದರೂ ಗುರುತು ಸಿಗುತ್ತದೆ, ಹಾಗಾಗಿ ಏನನ್ನು ಯಾಕೆ ಹಂಚುವುದಿಲ್ಲ ಅಂತ ಅಲ್ಲೇ ಹೇಳಿ.

ನಿಮ್ಮ ಅಧ್ಯಯನದಲ್ಲಿ ಇರುವವರಲ್ಲಿ ಕೆಲವರು ಮಧ್ಯದಲ್ಲಿ ಜೈಲಿಗೆ ಹೋಗುತ್ತಾರೆ. ಆಗ ಅವರು ಕೈದಿಗಳು, ಕೈದಿಗಳ ಮೇಲಿನ ಸಂಶೋಧನೆಗೆ ಬೇರೆಯೇ ರಕ್ಷಣೆಯ ನಿಯಮಗಳಿವೆ. ಮುಂಚೆಯೇ ಆ ಒಪ್ಪಿಗೆ ತೆಗೆದುಕೊಳ್ಳದಿದ್ದರೆ ಅವರನ್ನು ಮಾತಾಡಿಸುವ ಹಾಗಿಲ್ಲ, ಅತಿ ಹೆಚ್ಚು ಕಷ್ಟದಲ್ಲಿರುವವರೇ ನಿಮ್ಮ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಸಂಸ್ಥೆಗೆ ಸರ್ಕಾರದ ಹಣ ಪಡೆಯಲು ಬೇಕಾದ ಸ್ಯಾಮ್ ಡಾಟ್ ಗವ್ ನೋಂದಣಿ, ನಿಮಗೆ ಎನ್‌ಐಎಚ್‌ನ ಇಆರ್‌ಎ ಕಾಮನ್ಸ್ ತಾಣದಲ್ಲಿ ಖಾತೆ ಮತ್ತು ಸಂಶೋಧಕರ ಗುರುತಿನ ಆರ್ಕಿಡ್ ನಂಬರ್ ಬೇಕು. ಸಣ್ಣ ಸಂಸ್ಥೆಗೆ ನೋಂದಣಿಗೇ ವಾರಗಟ್ಟಲೆ ಹಿಡಿಯಬಹುದು. ಅರ್ಜಿ ಕರೆಗಳನ್ನು ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ನೋಡಿ. ವರ್ಷಕ್ಕೆ ಮೂರು ಸುತ್ತು ಇರುತ್ತದೆ, ತಾರೀಖನ್ನು ನೋಟಿಸ್‌ನಲ್ಲೇ ನೋಡಿ, ಹಳೆಯ ಅರ್ಜಿ ನೋಡಿ ಅಂದಾಜು ಮಾಡಬೇಡಿ. ನಿಮ್ಮ ಯೂನಿವರ್ಸಿಟಿಯ ಒಳಗಿನ ಕೊನೆಯ ದಿನ ಅದಕ್ಕಿಂತ ಮುಂಚೆಯೇ ಇರುತ್ತದೆ. 2025ರ ಸೆಪ್ಟೆಂಬರ್ ಕೊನೆಯಿಂದ ಒಬ್ಬರು ವರ್ಷಕ್ಕೆ ಆರಕ್ಕಿಂತ ಹೆಚ್ಚು ಅರ್ಜಿ ಹಾಕುವ ಹಾಗಿಲ್ಲ.

2025ರ ನಂತರ

ಈ ವಿಷಯ ಮುಚ್ಚಿಟ್ಟು ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. 2025ರಲ್ಲಿ ಎನ್‌ಐಎಚ್ ಸಾವಿರಕ್ಕೂ ಹೆಚ್ಚು ಗ್ರಾಂಟುಗಳನ್ನು ಮಧ್ಯದಲ್ಲೇ ರದ್ದು ಮಾಡಿತು. ಅದರಲ್ಲಿ ಎಚ್‌ಐವಿ, ಅಲ್ಪಸಂಖ್ಯಾತರ ಆರೋಗ್ಯ, ಲಿಂಗ ಅಲ್ಪಸಂಖ್ಯಾತರ ಮೇಲಿನ ಕೆಲಸಗಳು ತುಂಬಾ ಇದ್ದವು. ಜೂನ್‌ನಲ್ಲಿ ಬಾಸ್ಟನ್‌ನ ಫೆಡರಲ್ ನ್ಯಾಯಾಧೀಶರು ಇದು ಕಾನೂನುಬಾಹಿರ ಅಂದರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ರದ್ದಾದ ಹಣದ ವ್ಯಾಜ್ಯ ಬೇರೆ ಕೋರ್ಟಿಗೆ ಹೋಗಬೇಕು ಅಂತ 5–4ರಲ್ಲಿ ಹೇಳಿತು. ಇದರ ನಡುವೆ ಕೆಲಸ ಕಳೆದುಕೊಂಡವರು, ಅರ್ಧಕ್ಕೆ ನಿಂತ ಟ್ರಯಲ್‌ನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಇವರನ್ನು ನೆನೆಸಿದರೆ ಸಂಕಟ ಆಗುತ್ತದೆ.

ಹಾಗಂತ ಬರೆಯುವುದನ್ನು ಬಿಡಬೇಕಾ? ನಾನು ಬಿಟ್ಟಿಲ್ಲ. ಈಗ ನಾನು ಮಾಡುವುದು ಇಷ್ಟು. ಘೋಷಣೆಯ ಪದಗಳನ್ನು ಕಡಿಮೆ ಮಾಡಿ, ಯಾವ ಬಡಾವಣೆ, ಎಷ್ಟು ಜನ, ಯಾವ ತಡೆ, ಏನು ಮಾಡಿದರೆ ಎಷ್ಟು ಕಡಿಮೆಯಾಗಬಹುದು ಅಂತ ನೇರವಾಗಿ ಬರೆಯುತ್ತೇನೆ. ಯಾರ ಬಗ್ಗೆ ಅಧ್ಯಯನ ಅನ್ನುವುದನ್ನು ಮಾತ್ರ ಮರೆಮಾಚುವುದಿಲ್ಲ, ಅದನ್ನು ಬಿಟ್ಟರೆ ಅಧ್ಯಯನವೇ ಉಳಿಯುವುದಿಲ್ಲ. ಪ್ರತಿ ವರ್ಷದ ಕೊನೆಗೂ ಸಮುದಾಯದ ಕೈಗೆ ಏನಾದರೂ ಸಿಗುವ ಹಾಗೆ ಕೆಲಸ ಕಟ್ಟುತ್ತೇನೆ, ಮಧ್ಯದಲ್ಲಿ ನಿಂತರೂ ಅವರು ಬರಿಗೈಯಲ್ಲಿ ಉಳಿಯಬಾರದು. ಒಂದೇ ಕಡೆಯ ಹಣ ನಂಬುವುದಿಲ್ಲ. ಏಡ್ಸ್ ಸಂಶೋಧನೆಗೆ ಹಣ ಕೊಡುತ್ತಾ 1985ರಿಂದ ಇರುವ ಆ್ಯಮ್‌ಫಾರ್, ಏಡ್ಸ್ ಯುನೈಟೆಡ್, ಎಲ್ಟನ್ ಜಾನ್ ಏಡ್ಸ್ ಫೌಂಡೇಶನ್, ರಾಜ್ಯ ಮತ್ತು ನಗರದ ಆರೋಗ್ಯ ಇಲಾಖೆಗಳು, ಎಲ್ಲ ಕಡೆ ಕಣ್ಣಿಡುತ್ತೇನೆ. ಟ್ರಯಲ್ ನಿಂತರೆ ರೋಗಿಗಳ ಔಷಧಿಯನ್ನು ಯಾವ ಕ್ಲಿನಿಕ್ ಮುಂದುವರಿಸುತ್ತದೆ ಅಂತ ಮೊದಲ ದಿನವೇ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ.

ಊರಿನಿಂದ ಓದುತ್ತಿರುವವರಿಗೆ

ಭಾರತದ ಸಂಸ್ಥೆಯನ್ನು ಪಾಲುದಾರ ಮಾಡಿಕೊಳ್ಳುವ ದಾರಿ ಸದ್ಯಕ್ಕೆ ಇಕ್ಕಟ್ಟಾಗಿದೆ. 2025ರ ಮೇ ತಿಂಗಳಲ್ಲಿ ಎನ್‌ಐಎಚ್ ಹೊರದೇಶದ ಉಪಗ್ರಾಂಟುಗಳ ಹಳೆಯ ಪದ್ಧತಿಯನ್ನು ನಿಲ್ಲಿಸಿ, ಹೊಸ ವ್ಯವಸ್ಥೆ ತರುತ್ತೇವೆ ಅಂದಿತು. ಆದ್ದರಿಂದ ಮೊದಲು ಪ್ರೋಗ್ರಾಂ ಆಫೀಸರನ್ನು ಕೇಳಿ. ನಮ್ಮ ಕಡೆಯಿಂದ, ಹೊರದೇಶದವರ ಜೊತೆಗಿನ ಆರೋಗ್ಯ ಸಂಶೋಧನೆಯನ್ನು ಪರಿಶೀಲಿಸುವ ಸರ್ಕಾರದ ಎಚ್‌ಎಂಎಸ್‌ಸಿ ಸಮಿತಿಯ ಒಪ್ಪಿಗೆ ಬೇಕು, 2017ರ ಎಚ್‌ಐವಿ ಕಾಯ್ದೆಯ ಗೋಪ್ಯತೆಯ ನಿಯಮ ಪಾಲಿಸಬೇಕು. ಚೆನ್ನೈನ ಏಡ್ಸ್ ಸಂಸ್ಥೆ ವೈಆರ್‌ಜಿ ಕೇರ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿ ಸೇರಿ ದೇಶದ 22 ಕಡೆ ನಡೆಸಿದ, 2019ರಲ್ಲಿ ಪ್ರಕಟವಾದ ಟ್ರಯಲ್ ಎನ್‌ಐಎಚ್ ಹಣದ್ದೇ, ಅದನ್ನು ಓದಿ. ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಚುಚ್ಚಿಕೊಳ್ಳುವ ಡ್ರಗ್ಸ್ ಮತ್ತು ಎಚ್‌ಐವಿಯ ಹೊರೆ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್ ಕಡೆ ಜಾಸ್ತಿ. ಬೆಂಗಳೂರಿನಲ್ಲಿ ಕೂತು ಇದನ್ನು ಮಾಡುವುದಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸೆಯ ಅನುಭವ ಬಳಸಿಕೊಳ್ಳಿ, ಆದರೆ ಪ್ರಶ್ನೆ ಆ ಊರುಗಳಿಂದಲೇ ಬರಲಿ.

ಉತ್ತರ ಬಂದ ಮೇಲೆ

ಅರ್ಜಿ ಕಳಿಸಿ ಹಣ ಬರಲು ಒಂಬತ್ತು ಹತ್ತು ತಿಂಗಳು. 2025ಕ್ಕೆ ಮುಂಚಿನ ವರ್ಷಗಳಲ್ಲೂ ಎನ್‌ಐಎಚ್‌ನಲ್ಲಿ ಸುಮಾರು ಐದರಲ್ಲಿ ಒಂದು ಅರ್ಜಿಗೆ ಮಾತ್ರ ಹಣ ಸಿಗುತ್ತಿತ್ತು. ತಿರಸ್ಕಾರ ಬಂದರೆ ರಿವ್ಯೂವರ್‌ಗಳ ಟಿಪ್ಪಣಿಯನ್ನು ಒಂದು ಸಲ ಓದಿ, ಮಡಚಿಟ್ಟು, ಒಂದು ವಾರ ಬಿಟ್ಟು ಮತ್ತೆ ಓದಿ. 37 ತಿಂಗಳ ಒಳಗೆ ಒಂದು ಸಲ ತಿದ್ದಿ ಮತ್ತೆ ಹಾಕಬಹುದು, ಏನು ಬದಲಿಸಿದಿರಿ ಅಂತ ಒಂದು ಪುಟದ ಮುನ್ನುಡಿ ಬರೆಯಬೇಕು. ಅದರಲ್ಲಿ ವಾದ ಮಾಡಬೇಡಿ. ಒಪ್ಪುವುದನ್ನು ಒಪ್ಪಿ ತಿದ್ದಿ, ಒಪ್ಪದಿರುವುದಕ್ಕೆ ಕಾರಣ ಎರಡು ಸಾಲಿನಲ್ಲಿ ಹೇಳಿ.

ಆ ಟಿಪ್ಪಣಿಯ ಪ್ರತಿಯನ್ನು ನಿಮ್ಮ ಜೊತೆ ಬರೆದ ಸಂಘಟನೆಯವರಿಗೂ ಕೊಡಿ, ಬೇಕಾದರೆ ಜೊತೆಗೆ ಕೂತು ಓದಿ. ನನ್ನ ಎರಡನೇ ಅರ್ಜಿಯ ಟಿಪ್ಪಣಿಯಲ್ಲಿ, ಇಷ್ಟು ಜನ ಒಂದು ವರ್ಷ ಪೂರ್ತಿ ಬರುತ್ತಾರೆ ಅನ್ನುವುದು ನಂಬಲು ಕಷ್ಟ ಅಂತ ಬರೆದಿತ್ತು. ಆ ಹಿರಿಯ ಹೆಂಗಸು ಓದಿ, ಎದ್ದು ಹೋಗಿ, ತಾವು ಹತ್ತು ವರ್ಷದಿಂದ ಕೈಯಲ್ಲಿ ಬರೆದಿಟ್ಟಿದ್ದ ಹಾಜರಿ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಇಟ್ಟರು. ಯಾರು ಎಷ್ಟು ಸಲ ಬಂದರು ಅಂತ ಅದರಲ್ಲಿ ಇತ್ತು, ಹೆಸರಿಲ್ಲದೆ, ಗುರುತಿನ ಸಂಖ್ಯೆಯಲ್ಲಿ. ಮೂರನೇ ಅರ್ಜಿಯ ಮೊದಲ ಕೋಷ್ಟಕ ಅದೇ ಆಯಿತು.